ಹಂಚಿದ ಅಧಿಕಾರವೂ ತೂಗಿದ ಅಧಿಕಾರವೂ

ಅಧಿಕಾರವು ಒಬ್ಬನ ಕೈಯಲ್ಲಿದ್ದರೆ ಕೇಡು, ಹಲವರಿಗೆ ಹಂಚಿಬಿಟ್ಟರೆ ಕ್ಷೇಮ ಎಂದು ಅನೇಕರು ಎಣಿಸುತ್ತಾರೆ. ಇದು ಅರ್ಧ ಮಾತ್ರ ನಿಜವು. ನಮ್ಮ ಹಡಗಲಿ ಸೀಮೆಯ ಹಿರಿಯರು ಕಂಡ ಆಳಿಕೆಯೇ ಇದಕ್ಕೆ ಸಾಕ್ಷಿ.

ಈ ಸೀಮೆಯು 1953ರ ವರೆಗೆ ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸಿಗೆ ಸೇರಿತ್ತು. 1919ರ ಕಾನೂನಿನ ಮೇರೆಗೆ ಅಲ್ಲಿ ಇಬ್ಬಗೆಯ ಸರಕಾರವು ಏರ್ಪಟ್ಟು 1937ರ ವರೆಗೆ ನಡೆಯಿತು. ವಿದ್ಯೆ, ಆರೋಗ್ಯ, ಒಕ್ಕಲುತನ ಇವು ಶಾಸನಸಭೆಗೆ ಉತ್ತರ ಕೊಡತಕ್ಕ ಮಂತ್ರಿಗಳ ಪಾಲಿಗೆ ಬಂದವು. ಕಂದಾಯ, ಪೊಲೀಸು, ಹಣಕಾಸು, ನೀರಾವರಿ ಇವು ಗವರ್ನರನ ಕಡೆಯಲ್ಲಿಯೇ ಉಳಿದವು. ಮಳೆ ತಪ್ಪಿದರೆ ಜೋಳವೂ ಒಣಗುವ ನಮ್ಮಂಥ ಸೀಮೆಗೆ ನೀರಿನ ಮೇಲೆ ಅಧಿಕಾರವಿಲ್ಲದ ಒಕ್ಕಲುತನದ ಮಂತ್ರಿಯಿಂದ ಏನಾದೀತು? ಮಂತ್ರಿಯಾಗಿದ್ದ ಕೆ. ವಿ. ರೆಡ್ಡಿ ನಾಯುಡು ಅವರೇ ಈ ಕೊರತೆಯನ್ನು ಬಹಿರಂಗವಾಗಿ ಹೇಳಿಕೊಂಡರು. ಅಡಿಗೆಯ ಭಾರವನ್ನು ಸೊಸೆಗೆ ಒಪ್ಪಿಸಿ, ಉಗ್ರಾಣದ ಬೀಗದ ಕೈಯನ್ನು ಅತ್ತೆಯು ತನ್ನ ಸೆರಗಿಗೇ ಕಟ್ಟಿಕೊಂಡಂತಾಯಿತು. ಊಟ ಸಾಲದಿದ್ದರೆ ಬೈಗಳು ಸೊಸೆಗೆ. ಕೆಟ್ಟದ್ದಕ್ಕೆ ಯಾರನ್ನು ಕೇಳಬೇಕೆಂಬುದೇ ಪ್ರಜೆಗೆ ತಿಳಿಯದೆ ಹೋಯಿತು. (ಆ ಸಭೆಯಲ್ಲಿ ದೇಶೀಯ ಕ್ರೈಸ್ತರಿಗೆಂದು 5 ಸ್ಥಾನಗಳಿದ್ದವು ನಿಜ, ಆದರೆ ಮತದ ಹಕ್ಕು ಆಸ್ತಿ ತೆರಿಗೆಗಳಿಗೆ ಅಂಟಿಕೊಂಡಿದ್ದರಿಂದ ಹೊಲವಿಲ್ಲದ ಕೂಲಿಯವನು ಹೊರಗೇ ನಿಂತನು.)

ನೆರೆಯ ಮೈಸೂರಿನಲ್ಲಿ ದಿವಾನ ರಂಗಾಚಾರ್ಲು ಅವರು 1881ರಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ರೈತನ ಅಹವಾಲು ದಿವಾನರ ಕಿವಿಗೆ ಮುಟ್ಟಿತು. ಇದು ಸಣ್ಣ ಸಂಗತಿಯಲ್ಲ. ಆದಾಗ್ಯೂ ಆ ಸಭೆಯು ಕೇಳಿಕೊಳ್ಳಬಹುದಾಗಿತ್ತೇ ಹೊರತು ಬೇಡವೆಂದು ತಡೆಯುವ ಬಲವು ಅದಕ್ಕಿರಲಿಲ್ಲ.

ಹಾಗಾದರೆ ತೂಕವೆಂದರೇನು? ಕಾರ್ಯ ಮಾಡುವವನು, ತನ್ನನ್ನು ತಡೆಯಬಲ್ಲ ಇನ್ನೊಬ್ಬನ ಮುಂದೆ ಕಾರಣ ಹೇಳಲೇಬೇಕಾಗುವದು. 1989ರ ಏಪ್ರಿಲಿನಲ್ಲಿ ರಾಜ್ಯಪಾಲರ ವರದಿಯ ಮೇಲೆ ಕರ್ನಾಟಕದ ಎಸ್. ಆರ್. ಬೊಮ್ಮಾಯಿ ಅವರ ಮಂತ್ರಿಮಂಡಲವು ವಜಾ ಆಯಿತು. ಬಹುಮತವನ್ನು ವಿಧಾನಸಭೆಯಲ್ಲಿ ತೋರಿಸುವೆನೆಂದು ಅವರು ಕೇಳಿದರೂ ಅವಕಾಶ ದೊರೆಯಲಿಲ್ಲ. 1994ರ ಮಾರ್ಚಿ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು, ಬಹುಮತವನ್ನು ಪರೀಕ್ಷಿಸತಕ್ಕ ಸ್ಥಳವು ಸಭೆಯೇ ಹೊರತು ರಾಜ್ಯಪಾಲರ ಮನಸ್ಸಲ್ಲವೆಂದೂ, ಇಂಥ ಆಜ್ಞೆಯನ್ನು ಕೋರ್ಟು ವಿಚಾರಿಸಬಹುದೆಂದೂ ತೀರ್ಮಾನಿಸಿತು.

ನಾವು ಆರಿಸದ ನ್ಯಾಯಾಧೀಶರಿಗೆ ಇಷ್ಟು ಬಲವೇಕೆಂದು ಕೆಲವರು ಕೇಳುವರು. ಕೇಳತಕ್ಕದ್ದೇ. ಆದರೆ ಅವರು ತೆರಿಗೆ ಹಾಕಲಾರರು, ಪೊಲೀಸರನ್ನು ಆಳಲಾರರು. ನಿಲ್ಲಿಸಿ ಕಾರಣ ಕೇಳಬಲ್ಲರು, ಅಷ್ಟೇ. ಅದೂ ಬಹಳ ತಡವಾಗಿ. ಆ ತೀರ್ಪು ಹೊರಡುವಷ್ಟರಲ್ಲಿ ಬೊಮ್ಮಾಯಿಯವರು ಎಣಿಕೆ ಬೇಡಿದ ವಿಧಾನಸಭೆಯು ವಿಸರ್ಜನೆಯಾಗಿ 5 ವರುಷಗಳು ತುಂಬುತ್ತ ಬಂದಿದ್ದವು. ಅದರ ಸ್ಥಾನದಲ್ಲಿ 1989ರಲ್ಲಿಯೇ ಬೇರೆ ಸಭೆಯು ಚುನಾಯಿತವಾಗಿ ಕೂತಿತ್ತು.