ಕಿರಿಯರಿಗೂ ಹಿರಿಯರಿಗೂ

ದುಡಿಯುವ ಸ್ಥಳಕ್ಕೆ ಹೊಸದಾಗಿ ಬಂದವನಿಗೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ವಾರದ ಬಟವಾಡೆ ತಪ್ಪದೆ ಕೈಸೇರುತ್ತಿದ್ದರೂ, ‘ನಾನು ಇಲ್ಲಿಯವನು’ ಎಂಬ ಭಾವ ಮಾತ್ರ ಬಹುಕಾಲ ಹುಟ್ಟದಿರುವುದನ್ನು ನಾವೆಲ್ಲರೂ ಬಲ್ಲೆವು. ಆ ಭಾವವು ಹಳಬರು ಪ್ರಸನ್ನರಾಗಿ ದಯಪಾಲಿಸತಕ್ಕ ಕೃಪೆಯೋ, ಅಥವಾ ಕೆಲಸಕ್ಕೆ ಕೈಹಾಕಿದ ದಿನವೇ ಮನುಷ್ಯನಿಗೆ ಸಲ್ಲತಕ್ಕ ಅಧಿಕಾರವೋ? ಇದನ್ನು ಆಡಳಿತದ ಪ್ರಶ್ನೆಯೆಂದು ಬಗೆದು ಸುತ್ತೋಲೆಗಳಿಂದ ಪರಿಹರಿಸಹೊರಡುವವರುಂಟು. ನನಗಾದರೋ ಇದು ಧರ್ಮದ ಪ್ರಶ್ನೆಯಾಗಿಯೇ ತೋರುತ್ತದೆ.

ಸಿಂಧನೂರಿನ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಹತ್ತಿಗಳ ಬಯಲು ಭತ್ತದ ಬಯಲಾದ ಮೇಲೆ, ಆಂಧ್ರದ ಕಡೆಯ ರೈತರು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರವು ಇಲ್ಲಿಯೇ ಪುನರ್ವಸತಿಯನ್ನು ಕಲ್ಪಿಸಿತು. ನೆಲವು ಎಲ್ಲರಿಗೂ ಎಡೆಕೊಟ್ಟಿತು. ಮನಸ್ಸು ಅಷ್ಟು ಶೀಘ್ರವಾಗಿ ಕೊಡಲಿಲ್ಲ. ಅಕ್ಕಿ ಗಿರಣಿಯ ಅಂಗಳಕ್ಕೆ ಹಮಾಲಿಗೆಂದು ಬಂದ ಹುಡುಗನನ್ನು ಇಂದಿಗೂ ಮೊದಲು ಕೇಳುವುದು ‘ಯಾ ಊರಪಾ, ಯಾರ ಪೈಕಿ?’ ಎಂದು, ಚೀಲ ಹೊತ್ತು ರೂಢಿಯುಂಟೋ ಎಂಬುದು ಆಮೇಲಿನ ಮಾತು. ಬೆಳಗಿನಿಂದ ಒಂದೇ ಲಾರಿಗೆ ಮಾಲು ತುಂಬಿದವರು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೇರೆಬೇರೆ ನೆರಳುಗಳಿಗೆ ಹಂಚಿಹೋಗುತ್ತಾರೆ. ಆದರೆ ಅದೇ ಅಂಗಳದಲ್ಲಿ ‘ತಮ್ಮಾ, ಬೆನ್ನು ಬಗ್ಗಿಸಿ ಎತ್ತಬ್ಯಾಡ, ಮೊಣಕಾಲು ಬಗ್ಗಿಸು’ ಎಂದು ಹೇಳಿ, ತನ್ನ ತಲೆಯ ಟವೆಲನ್ನು ಬಿಚ್ಚಿ ಹುಡುಗನ ಹೆಗಲಿನ ಮೇಲೆ ಮಡಿಸಿಡುವ ಹಿರಿಯ ಹಮಾಲಿಯೂ ಇದ್ದಾನೆ. ಹುಡುಗನು ಆ ಅಂಗಳದವನಾಗುವುದು ಆ ಗಳಿಗೆಯಿಂದ.

ಸಿಂಧನೂರಿನಿಂದ ಲಿಂಗಸುಗೂರಿನತ್ತ ಹೋಗುವ ದಾರಿಯಲ್ಲಿ ಮಸ್ಕಿಯಿದೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವು ಗೋಚರಿಸಿತು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನ ಹೆಸರೂ ಅದರಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡುದರಿಂದ ವಿದ್ವಾಂಸರು ಅದನ್ನು ಬಹುವಾಗಿ ಕೊಂಡಾಡಿದರು, ಹೆಸರಿನ ಕೀರ್ತಿಯಲ್ಲಿ ಶಾಸನದ ಉಪದೇಶವು ತುಸು ಮರೆಯಾಯಿತೆಂದೇ ಹೇಳಬೇಕು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮಿಕ್ಕಿತೆಂದೂ, ಸಂಘವನ್ನು ಸಮೀಪಿಸಿದೆನೆಂದೂ ಚಕ್ರವರ್ತಿಯು ಅಲ್ಲಿ ಹೇಳಿಕೊಳ್ಳುತ್ತಾನೆ. ಅಂದರೆ ಧರ್ಮದ ಅಂಗಳಕ್ಕೆ ತಾನೂ ತಡವಾಗಿ ಬಂದ ಹೊಸಬನೆಂಬುದನ್ನು ಮುಚ್ಚಿಡುವುದಿಲ್ಲ. ಮುಂದೆ, ಧರ್ಮನಿಷ್ಠನಾದ ಅಲ್ಪನೂ ಪರಮಾರ್ಥವನ್ನು ಪಡೆಯಬಲ್ಲನೆಂದೂ, ಅದು ಹಿರಿಯರಿಗೆ ಮಾತ್ರ ಎಟುಕತಕ್ಕದ್ದೆಂದು ಭಾವಿಸಬಾರದೆಂದೂ ಸಾರಿ, ಈ ಮಾತನ್ನು ಕಿರಿಯರಿಗೂ ಹಿರಿಯರಿಗೂ ಹೇಳಬೇಕೆಂದು ವಿಧಿಸುತ್ತಾನೆ. ಕಿರಿಯನಿಗೆ ಧೈರ್ಯ ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನ. ಹಿರಿಯನಿಗೂ ಹೇಳಬೇಕೆಂದುದೇ ಈ ಶಾಸನದ ಸೂಕ್ಷ್ಮದೃಷ್ಟಿ. ಬಾಗಿಲಲ್ಲಿ ನಿಂತವನು ಸರಿಯದೆ, ಹೊರಗಿನವನಿಗೆ ಒಳಗೆ ಬಾರೆಂದು ಎಷ್ಟು ಹೇಳಿದರೂ ವ್ಯರ್ಥವಷ್ಟೆ?

ಇನ್ನು ಕೃಪೆಯ ಮಾತು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಅಲ್ಲಿಯ ಶರಣರ ನಡುವೆ ಹೊಸಬರು, ನಿರ್ಧನರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಸಂತೋಷಪಡದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಪ್ರತೀತಿ. ಈ ಕಥೆಯನ್ನು ನಿರ್ಲೋಭದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ನಾನು ಇದರಲ್ಲಿ ಸ್ವಾಭಿಮಾನವನ್ನೂ ಕಾಣುತ್ತೇನೆ. ತನ್ನ ದುಡಿಮೆಯಿಂದ ಕಲ್ಯಾಣದವಳಾದ ಲಕ್ಕಮ್ಮನಿಗೆ ಅನುಗ್ರಹದ ಹಿಡಿ ಅಕ್ಕಿಯಿಂದ ಕಲ್ಯಾಣದವಳಾಗಬೇಕಾದ ಅಗತ್ಯವಿರಲಿಲ್ಲ. ಗಂಡನಿಗೇ ತಿಳಿವು ಹೇಳಿದ ಆ ಬಡ ಹೆಂಗಸನ್ನು ಶರಣಸಮೂಹವು ಅಂಚಿಗೆ ತಳ್ಳದೆ ಕಿವಿಗೊಟ್ಟಿತೆಂಬುದು ಕಲ್ಯಾಣದ ಹಿರಿಮೆ. ನಮ್ಮ ಕಚೇರಿಗಳಲ್ಲಾದರೋ ಕಾಯಕದ ಮಹಿಮೆಯನ್ನು ಸಾರುವ ಫಲಕ ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದರ ಕೆಳಗೆ ಕುಳಿತ ಹೊಸ ಗುಮಾಸ್ತೆಯ ಮಾತಿಗೆ ಕಿವಿಗೊಡುವವರು ಇರುವುದಿಲ್ಲ.

ಹಾಗಾದರೆ ಹೊಸಬನು ಸ್ಥಳದ ಪದ್ಧತಿಯನ್ನು ಕಲಿಯಬೇಡವೇ, ಹಳಬರಿಗೆ ತಲೆಬಾಗಬೇಡವೇ ಎಂದು ಕೇಳಬಹುದು. ಕಲಿಯಲೇಬೇಕು. ಲಿಂಗಸುಗೂರು ತಾಲ್ಲೂಕಿನದೇ ಆದ ಹಟ್ಟಿ ಚಿನ್ನದ ಗಣಿಯಲ್ಲಿ ಮೊದಲ ಪಾಳಿಗೆ ಭೂಗರ್ಭಕ್ಕೆ ಇಳಿಯುವವನು ಹಳಬನ ಮಾತನ್ನು ಅಕ್ಷರಶಃ ಪಾಲಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಮತ್ತು ಹಳಬನು, ಇವನು ನಮ್ಮ ಪೈಕಿಯವನಲ್ಲವೆಂದು ಹೇಳಬೇಕಾದುದನ್ನು ಹೇಳದೆ ಉಳಿಸಿಕೊಂಡರೆ, ಸಡಿಲವಾದ ಬಂಡೆಯು ಇಬ್ಬರ ಕುಲಗೋತ್ರವನ್ನೂ ವಿಚಾರಿಸದೆ ಬೀಳುತ್ತದೆ. ಆದುದರಿಂದ ಕಲಿಕೆಯ ವಿನಯವು ಒಂದು, ಅಂಜಿಕೆಯ ದೈನ್ಯವು ಇನ್ನೊಂದು. ಮೊದಲನೆಯದು ಕೆಲಸಕ್ಕೆ ಸಲ್ಲತಕ್ಕ ಗೌರವ. ಎರಡನೆಯದು ಮೊದಲು ಬಂದವರು ತಡವಾಗಿ ಬಂದವರಿಂದ ಅನ್ಯಾಯವಾಗಿ ವಸೂಲುಮಾಡುವ ಸುಂಕ. ಮೊದಲು ಬಂದುದು ಕಾಲದ ಆಕಸ್ಮಿಕವೇ ಹೊರತು ಪುಣ್ಯವಲ್ಲ.

ಮೇಸ್ತ್ರಿಯಾಗಲಿ, ಮುಖ್ಯೋಪಾಧ್ಯಾಯನಾಗಲಿ, ಅಧಿಕಾರಿಯಾಗಲಿ, ಜನರಿಂದ ಕೆಲಸ ಮಾಡಿಸತಕ್ಕವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹೊಸಬನು ಯಾರ ಪೈಕಿಯವನೆಂಬ ಪ್ರಶ್ನೆಯನ್ನು ಬಿಟ್ಟುಬಿಡಿರಿ, ಕೆಲಸದ ಮರ್ಮವನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಕಲಿಸಿರಿ, ಬುತ್ತಿ ಬಿಚ್ಚುವ ಹೊತ್ತಿಗೆ ಅವನನ್ನು ಪಕ್ಕಕ್ಕೆ ಕರೆಯಿರಿ. ಅವನಿಗೆ ಬುದ್ಧಿವಾದ ಹೇಳುವ ಮೊದಲು, ಹಳಬರನ್ನು ಕೂಡಿಸಿ, ಅವರಿಗೆ ಹೇಳಬೇಕಾದುದನ್ನು ಹೇಳಿರಿ.