ಉಳಿದ ಅನ್ನದ ಲೆಕ್ಕ

 

ಐದನೇ ತರಗತಿಗೆ ಭಿನ್ನರಾಶಿ ಕಲಿಸುವಾಗ ಈ ಸಲ ಪುಸ್ತಕದ ಹಣ್ಣಿನ ಹೋಳು ಬಿಟ್ಟು ಬಿಸಿಯೂಟದ ಪಾತ್ರೆಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಒಂದರಿಂದ ಐದನೇ ತರಗತಿವರೆಗೆ 64 ಮಕ್ಕಳು. ತಲೆಗೆ 100 ಗ್ರಾಂ ಅಕ್ಕಿಯಂತೆ 6 ಕೆ.ಜಿ. 400 ಗ್ರಾಂ. ಅಂದು ಪಕ್ಕದೂರಿನ ಜಾತ್ರೆ, 8 ಮಕ್ಕಳು ಬಂದಿರಲಿಲ್ಲ. ಅಕ್ಕಿ ಮಾತ್ರ ಎಲ್ಲರ ಲೆಕ್ಕದಲ್ಲೇ ಬೆಂದಿತ್ತು. “ಹಾಗಾದರೆ ಎಷ್ಟು ಭಾಗ ಉಳಿಯಿತು?” ಎಂದೆ. “ಎಂಟರಲ್ಲಿ ಒಂದು ಭಾಗ!” 800 ಗ್ರಾಂ ಅಕ್ಕಿಯ ಅನ್ನ.

ಆಗ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಆ ಒಂದು ಭಾಗ ನಮ್ಮ ಡಬ್ಬಿಗೆ ಹಾಕ್ತಾರೆ.”

ನಮ್ಮ ಅಂದರೆ ಕೇರಿಯ ಮೂರು ಮಕ್ಕಳು. ಉಳಿದ ಮಕ್ಕಳನ್ನು ಕರೆಯುತ್ತಿರಲಿಲ್ಲ. ಅಡುಗೆಯಮ್ಮನದು ಕೆಟ್ಟ ಮನಸ್ಸಲ್ಲ, ಪಾಪ ಎಂದೇ ಹಾಕುತ್ತಿದ್ದರು. ಎರಡು ವರ್ಷದಿಂದ ಅಲ್ಲೇ ಇದ್ದ ನಾನು ಗಮನಿಸಿರಲಿಲ್ಲ, ಅದು ನನ್ನ ತಪ್ಪು. ನನ್ನ ಅಜ್ಜಿ ಮದುವೆ ಮನೆಗಳ ಹಿತ್ತಿಲಲ್ಲಿ ಕಡೆಯ ಪಂಕ್ತಿ ಏಳುವವರೆಗೆ ಬುಟ್ಟಿ ಹಿಡಿದು ಕಾದವಳು. ತಂದ ಅನ್ನವನ್ನು ಒಣಗಿಸಿ ಇಟ್ಟುಕೊಂಡು ದಿನಗಟ್ಟಲೆ ತಿಂದವಳು. ಅಲ್ಲಿ ಬುಟ್ಟಿ, ಇಲ್ಲಿ ಸ್ಟೀಲ್ ಡಬ್ಬಿ.

1927ರ ಮಾರ್ಚ್‌ನಲ್ಲಿ ಮಹಾಡಿನ ಪರಿಷತ್ತಿನಲ್ಲಿ ಬಾಬಾಸಾಹೇಬರು ಜನರಿಗೆ ಹೇಳಿದ್ದರಲ್ಲಿ ಇದೂ ಒಂದು: ಎಸೆದ ಚೂರುಪಾರಿಗೆ ಕೈಚಾಚುವುದನ್ನು ಬಿಡಿ. ಚವದಾರ್ ಕೆರೆಯ ನೀರು ನಮಗೆಲ್ಲ ನೆನಪಿದೆ, ಈ ಮಾತನ್ನು ಅಷ್ಟಾಗಿ ನೆನೆಯುವುದಿಲ್ಲ.

ಕೋಸಲದ ರಾಜ ಪಸೇನದಿ ದ್ರೋಣದಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಭಗವಾನರ ಬಳಿ ಬಂದದ್ದು ನಿಮಗೆ ಗೊತ್ತು. ಮಿತವರಿತು ಉಣ್ಣುವ ಮಾತನ್ನು ಊಟದ ಹೊತ್ತಿಗೆ ನೆನಪಿಸಲು ಸುದಸ್ಸನನೆಂಬ ಹುಡುಗನನ್ನು ನೇಮಿಸಿದರು. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಒಂದು ವಿವರ ಲೆಕ್ಕದ ಮೇಷ್ಟ್ರಿಗೆ ಬಹಳ ಹಿಡಿಸುವಂಥದ್ದು. ರಾಜ ಬಿಟ್ಟ ಕಡೆಯ ತುತ್ತಿನ ಅಗುಳು ಎಣಿಸಿ, ಮರುದಿನ ಅಷ್ಟೇ ಅಕ್ಕಿ ಕಡಿಮೆ ಬೇಯಿಸುವುದು! ಹೀಗೆ ದ್ರೋಣದಿಂದ ಒಂದು ನಾಳಿಗೆ ಇಳಿದರಂತೆ. ಹಳೆಯ ಅಳತೆಯಲ್ಲಿ ಅದು ಹದಿನಾರರಲ್ಲಿ ಒಂದು ಪಾಲು, ನಮ್ಮ ಕನ್ನಡದ ವೀಸ. (ಎಂ.ಎ. ಓದಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.) ಉಳಿದದ್ದನ್ನು ಯಾರ ಕೈಗೆ ಹಾಕೋಣ ಎಂಬುದಲ್ಲ ಅಲ್ಲಿನ ಲೆಕ್ಕ. ನಾಳೆ ಎಷ್ಟು ಬೇಯಿಸಬೇಕು ಎಂಬುದು.

ಈಗ ಬೆಳಿಗ್ಗೆ ಹಾಜರಿ ಆದ ಕೂಡಲೇ ಐದನೇ ತರಗತಿಯವರು ಬೋರ್ಡಿನ ಮೇಲೆ ಲೆಕ್ಕ ಮಾಡುತ್ತಾರೆ. 64ಕ್ಕೆ 56 ಬಂದರೆ ಎಂಟರಲ್ಲಿ ಏಳು, ಅಕ್ಕಿ 5 ಕೆ.ಜಿ. 600 ಗ್ರಾಂ. ಚೀಟಿ ಅಡುಗೆಮನೆಗೆ ಹೋದ ಮೇಲೆಯೇ ಅಕ್ಕಿ ಅಳೆಯುವುದು. ಆದರೂ ಮಿಕ್ಕರೆ ಎಲ್ಲರೂ ಅದೇ ಸಾಲಿನಲ್ಲಿ ಕೂತಿರುವಾಗಲೇ ಎರಡನೇ ಸುತ್ತು ಬಡಿಸುತ್ತಾರೆ. ಡಬ್ಬಿ ನಿಂತಿತು.

ಮೊನ್ನೆ ಆ ಹುಡುಗಿಯ ತಾಯಿ ಬಂದರು. “ಡಬ್ಬಿ ಯಾಕೆ ಸರ್ ಖಾಲಿ ಬರ್ತಿದೆ? ರಾತ್ರಿಗೆ ಆಗ್ತಿತ್ತು.” ಮಹಾಡಿನ ಮಾತು ಹೇಳಲು ಹೊರಟೆ, ಬಾಯಿ ಬರಲಿಲ್ಲ. ಕೂರಿಸಿ ಕೇಳಿದೆ. ಮನೆಯಲ್ಲಿ ಐದು ಜನ, ರೇಷನ್ ಕಾರ್ಡಿನಲ್ಲಿ ಮೂರೇ ಹೆಸರು. ಮಕ್ಕಳಿಬ್ಬರ ಹೆಸರು ಸೇರಿಸಿಯೇ ಇಲ್ಲ. ಐದರಲ್ಲಿ ಮೂರು ಭಾಗ ಅಕ್ಕಿಯಲ್ಲಿ ಐದು ಹೊಟ್ಟೆ.

ಅರ್ಜಿ ತುಂಬಿಸಿದ್ದೇವೆ. ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಜೊತೆ ಆಹಾರ ಇಲಾಖೆಯ ಕಚೇರಿಗೆ ಹೋಗುತ್ತಿದ್ದೇನೆ. ಇಂಥ ಕಾರ್ಡು ನಿಮ್ಮ ಬೀದಿಯಲ್ಲೂ ಇದ್ದರೆ ತನ್ನಿ, ಒಟ್ಟಿಗೇ ಹೋಗೋಣ.

ಜೈ ಭೀಮ್.