ಬಾರದ ಓದುಗನ ಋಣ

ಡೆನ್ಮಾರ್ಕಿನ ಆರ್ಹುಸ್ ಪಟ್ಟಣದ ಗ್ರಂಥಾಲಯದಲ್ಲಿ ದೊಡ್ಡದೊಂದು ಗಂಟೆ ತೂಗುತ್ತದೆ. ಊರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿ, ಹೆತ್ತವರು ಅಲ್ಲಿನ ಗುಂಡಿ ಒತ್ತಿದರೆ ಇಲ್ಲಿ ಗಂಟೆ ಮೊಳಗುತ್ತದೆ. ಗ್ರಂಥಾಲಯಕ್ಕೆ ಮೌನವೇ ಧರ್ಮ ಎಂದು ನಂಬಿದವರಿಗೆ ಇದು ಶುದ್ಧ ಅಪಚಾರ.

ಈ ಕಟ್ಟಡ 2015ರಲ್ಲಿ ತೆರೆಯಿತು. ಅದೇ ವರ್ಷ ಆರ್ಹುಸ್ ಮತ್ತು ಷಿಕಾಗೊದ ಗ್ರಂಥಾಲಯಗಳು, ಐಡಿಯೊ ಎಂಬ ವಿನ್ಯಾಸ ಸಂಸ್ಥೆಯೊಡನೆ ಕೂಡಿ, ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಗ್ರಂಥಪಾಲಕರಿಗಾಗಿ ‘ಡಿಸೈನ್ ಥಿಂಕಿಂಗ್’ ಕೈಪಿಡಿಯೊಂದನ್ನು ಹೊರತಂದವು. ಅದರ ಪಾಠ ಇಷ್ಟು: ಓದುಗರನ್ನು ಕೇಳಿದರಷ್ಟೇ ಸಾಲದು. ಅವರು ಎಲ್ಲಿ ತಡವರಿಸುತ್ತಾರೆ, ಯಾವ ಕಪಾಟಿನ ಮುಂದಿಂದ ಬರಿಗೈಲಿ ಹೊರಡುತ್ತಾರೆ ಎಂದು ನೋಡಬೇಕು. ಆಮೇಲೆ ರಟ್ಟು, ಕಾಗದದಲ್ಲೇ ಒಂದು ಮಾದರಿ ಮಾಡಿ ಜನರ ಮುಂದಿಟ್ಟು, ಸರಿಬಾರದಿದ್ದರೆ ಕಿತ್ತು ಮತ್ತೆ ಮಾಡಬೇಕು.

ಒಳ್ಳೆಯ ಮಾತು. ಆದರೆ ಕಣ್ಣಿಗೆ ಬೀಳದವನ ಪಾಡೇನು?

ಷಿಕಾಗೊದ ದಕ್ಷಿಣ ಭಾಗದ ಬಡ ಬಡಾವಣೆಗಳಲ್ಲಿ ಮೂವರು ಕಾರ್ಡುದಾರರಲ್ಲಿ ಒಬ್ಬರಿಗೆ, ದಂಡ ಬಾಕಿಯಿದ್ದುದರಿಂದ, ಪುಸ್ತಕ ಒಯ್ಯಲು ಆಗುತ್ತಿರಲಿಲ್ಲ. ಅಂಥವರು ಗ್ರಂಥಾಲಯದತ್ತ ಸುಳಿಯುವುದನ್ನೇ ಬಿಟ್ಟಿದ್ದರೆ, ಒಳಗೆ ಕೂತು ಎಷ್ಟು ದಿನ ಗಮನಿಸಿದರೂ ಕಾಣುತ್ತಿರಲಿಲ್ಲ. ಕಂಡದ್ದು ಲೆಕ್ಕದ ಪುಸ್ತಕದಲ್ಲಿ. 2019ರ ಅಕ್ಟೋಬರಿನಲ್ಲಿ ನಗರ ತಡದಂಡವನ್ನೇ ರದ್ದು ಮಾಡಿತು. ಕೆಲವೇ ವಾರಗಳಲ್ಲಿ ಹಳೆಯ ಪುಸ್ತಕಗಳು ರಾಶಿರಾಶಿಯಾಗಿ ಮರಳಿದವು.

ಬಾರದವರನ್ನೂ ಹುಡುಕಿಕೊಂಡು ಹೋಗಿ ಮಾತಾಡಿಸಿ ಎಂದು ಡಿಸೈನ್ ಥಿಂಕಿಂಗಿನವರು ಹೇಳುತ್ತಾರೆ, ನಿಜ. ಇನ್ನೂ ಹುಟ್ಟದ ಓದುಗನನ್ನು ಯಾರು ಮಾತಾಡಿಸುವುದು? ಎಸ್. ಆರ್. ರಂಗನಾಥನ್ ಇಲ್ಲಿ ನೆನಪಾಗಬೇಕು. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದವರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ, ಓದುಗನಿಗೆ ಬೇಕಾದ ಪುಸ್ತಕ ಒದಗಿಸುವುದು ಎರಡನೆಯದು. ಮೂರನೆಯದು ಅದನ್ನು ತಿರುವಿ ಹಾಕುತ್ತದೆ: ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಡಿಸೈನ್ ಥಿಂಕಿಂಗ್ ಎರಡನೆಯದನ್ನು ಚೆನ್ನಾಗಿ ಬಲ್ಲದು. ಮೂರನೆಯದರ ಮುಂದೆ ಅದು ತಬ್ಬಿಬ್ಬಾಗುತ್ತದೆ.

ಮೂಡಬಿದಿರೆಯ ಗುರುಬಸದಿಯನ್ನೇ ತೆಗೆದುಕೊಳ್ಳಿ. ಜೈನರ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ಒಂಬತ್ತನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಳಾ ಟೀಕೆ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿ ಉಳಿದಿತ್ತು. ಯಾತ್ರಿಕರಿಗೆ ಅದು ದರ್ಶನದ ವಸ್ತು. ಕೈಮುಗಿದು ಹೋಗುತ್ತಿದ್ದರು, ಓದುತ್ತಿರಲಿಲ್ಲ. ನೋಟ್‌ಬುಕ್ ಹಿಡಿದ ವಿನ್ಯಾಸಕಾರನೊಬ್ಬ ಆಗ ಅಲ್ಲಿ ನಿಂತಿದ್ದರೆ ಏನು ಬರೆದುಕೊಳ್ಳುತ್ತಿದ್ದ? ಜನರಿಗೆ ಬೇಕಾದದ್ದು ದರ್ಶನ, ಸರತಿ ಸಾಲು ಸುಧಾರಿಸಬೇಕು, ದೀಪ ಹೆಚ್ಚಿಸಬೇಕು ಎಂದು. ಅವನ ವರದಿಯಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ.

ಗರಿಗಳನ್ನು ಅಲ್ಲಿಯವರೆಗೆ ಕಾಪಾಡಿದ್ದು ಆ ಭಕ್ತಿಯೇ. ಬೀಗ ಹಾಕಿಸಿದ್ದೂ ಅದೇ. ಅದನ್ನು ಬರೀ ಮೌಢ್ಯ ಎನ್ನುವುದು ಕೃತಘ್ನತೆ, ಬರೀ ಶ್ರದ್ಧೆ ಎನ್ನುವುದು ಮುಖಸ್ತುತಿ. ಪ್ರತಿ ಮಾಡಿಸಲು ಬಸದಿಯವರನ್ನು ಒಪ್ಪಿಸುವುದಕ್ಕೆ ದೂರದ ಊರುಗಳ ಶ್ರಾವಕರು ವರ್ಷಗಟ್ಟಲೆ ಓಡಾಡಬೇಕಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಕಲು ಕೆಲಸ ಶುರುವಾಯಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ, ಹಿಂದಿ ಅನುವಾದದೊಡನೆ, ಮೊದಲ ಸಂಪುಟ ಅಚ್ಚಾಯಿತು. ಅದರ ಬೆನ್ನಿಗೆ ಇನ್ನೂ ಹದಿನೈದು ಸಂಪುಟಗಳು ಬಂದವು.